220 ಕೋಟಿ ಗಳಿಸಿಯೂ ಸೋತ ಸಿನಿಮಾ: ಅಭಿಮಾನಿಗಳ ಜಗಳದಲ್ಲಿ ಬಿಟ್ಟುಹೋದ ಲೆಕ್ಕ

ಒಂದು ಸಿನಿಮಾ ಪ್ರಪಂಚದಾದ್ಯಂತ ಸುಮಾರು 4 ಕೋಟಿ 10 ಲಕ್ಷ ಡಾಲರ್ ಗಳಿಸಿತು. ಆಗ ಒಂದು ಡಾಲರಿಗೆ 53-54 ರೂಪಾಯಿ ಇತ್ತು. ನಮ್ಮ ಲೆಕ್ಕಕ್ಕೆ ತಂದರೆ ಸುಮಾರು 220 ಕೋಟಿ ರೂಪಾಯಿ. ವಿಮರ್ಶಕರಲ್ಲಿ ಹೆಚ್ಚಿನವರು ಚೆನ್ನಾಗಿದೆ ಅಂದರು. ಕಾಮಿಕ್ಸ್ ಓದಿ ಬೆಳೆದವರು, ಕೊನೆಗೂ ನಮ್ಮ ಹೀರೋನನ್ನು ಇದ್ದ ಹಾಗೆ ತೋರಿಸಿದರು ಅಂತ ಖುಷಿಪಟ್ಟರು. ಆದರೂ ಸಿನಿಮಾ ವ್ಯಾಪಾರದವರ ಪುಸ್ತಕದಲ್ಲಿ ಅದರ ಹೆಸರಿನ ಮುಂದೆ ಬರೆದದ್ದು ‘ಸೋಲು’ ಅಂತಲೇ.

ಆ ಸಿನಿಮಾದ ಹೆಸರು ‘ಡ್ರೆಡ್’. 2012ರ ಸೆಪ್ಟೆಂಬರಿನಲ್ಲಿ ಮೊದಲು ಬ್ರಿಟನ್ನಿನಲ್ಲಿ, ಎರಡು ವಾರದ ನಂತರ ಅಮೆರಿಕದಲ್ಲಿ ತೆರೆಕಂಡಿತು. ಹತ್ತು ವರ್ಷ ದಾಟಿ ಹೋಯಿತು. ಅದರ ಅಭಿಮಾನಿಗಳು ಇವತ್ತಿಗೂ ಎಲ್ಲಿ ಸೇರಿದರೂ ಎತ್ತುವ ಪ್ರಶ್ನೆ ಒಂದೇ: ಇಷ್ಟು ಒಳ್ಳೆಯ ಸಿನಿಮಾ ಯಾಕೆ ಓಡಲಿಲ್ಲ?

ಎಲ್ಲೋ ದೂರದ ದೇಶದವರ ಜಗಳ ನಮಗೇಕೆ ಅಂತ ನೀವು ಕೇಳಬಹುದು. ಸಿನಿಮಾ ಬಿಡುಗಡೆಯಾದ ಮರುದಿನ ಬೆಳಿಗ್ಗೆಯೇ ನಿಮ್ಮ ಫೋನಿಗೆ ಕಲೆಕ್ಷನ್ ಪೋಸ್ಟರ್ ಬರುತ್ತದೆ ತಾನೆ? ‘ಮೊದಲ ದಿನ ಇಷ್ಟು ಕೋಟಿ’ ಅಂತ ಒಬ್ಬರು, ‘ಸುಳ್ಳು, ಥಿಯೇಟರ್ ಖಾಲಿ ಹೊಡೀತಿದೆ’ ಅಂತ ಇನ್ನೊಬ್ಬರು. ನಮ್ಮ ಊರಿನ ಗ್ರೂಪಿನಲ್ಲಿ ನಡೆಯುವ ಈ ಜಗಳವೂ ‘ಡ್ರೆಡ್’ ಅಭಿಮಾನಿಗಳ ಜಗಳವೂ ಒಂದೇ ಬೇರಿನವು. ಅದಕ್ಕೇ ಅವರ ಕಥೆಯನ್ನು ಒಮ್ಮೆ ಪೂರ್ತಿ ನೋಡೋಣ.

ಯಾರು ಈ ಡ್ರೆಡ್?

1977ರಲ್ಲಿ ಬ್ರಿಟನ್ನಿನಲ್ಲಿ ‘2000 ಎಡಿ’ ಅಂತ ಒಂದು ವಾರಪತ್ರಿಕೆ ಶುರುವಾಯಿತು. ಪೂರ್ತಿ ಚಿತ್ರಕಥೆಗಳ ಪತ್ರಿಕೆ. ಅದರ ಎರಡನೇ ಸಂಚಿಕೆಯಲ್ಲೇ ಜಡ್ಜ್ ಡ್ರೆಡ್ ಬಂದ. ಬರೆದವರು ಜಾನ್ ವ್ಯಾಗ್ನರ್, ರೂಪ ಕೊಟ್ಟವರು ಸ್ಪೇನ್ ದೇಶದ ಕಲಾವಿದ ಕಾರ್ಲೋಸ್ ಎಸ್ಕೆರಾ. ಕಥೆ ನಡೆಯುವುದು ಮುಂದೊಂದು ಕಾಲದಲ್ಲಿ, ಯುದ್ಧದಿಂದ ಹಾಳಾದ ಅಮೆರಿಕದ ‘ಮೆಗಾ ಸಿಟಿ ಒನ್’ ಎಂಬ ಮಹಾನಗರದಲ್ಲಿ. ಅಲ್ಲಿ ಪೊಲೀಸು, ಕೋರ್ಟು ಬೇರೆ ಬೇರೆ ಇಲ್ಲ. ‘ಜಡ್ಜ್’ ಅನ್ನಿಸಿಕೊಂಡವರೇ ಹಿಡಿಯುತ್ತಾರೆ, ಅವರೇ ವಿಚಾರಿಸುತ್ತಾರೆ, ಅಲ್ಲೇ ಶಿಕ್ಷೆಯನ್ನೂ ಕೊಡುತ್ತಾರೆ. ಇಂಥ ಆಡಳಿತ ಎಷ್ಟು ಭಯಂಕರ ಅಂತ ಅಣಕಿಸುವ ಕಥೆ ಅದು. ಡ್ರೆಡ್ ಯಾವತ್ತೂ ಹೆಲ್ಮೆಟ್ ತೆಗೆಯುವುದಿಲ್ಲ, ಓದುಗರಿಗೆ ಅವನ ಮುಖ ಕಾಣುವುದಿಲ್ಲ.

ಈ ಹೆಲ್ಮೆಟ್ಟಿನ ವಿಚಾರ ನೆನಪಿಡಿ. 1995ರಲ್ಲಿ ಸಿಲ್ವೆಸ್ಟರ್ ಸ್ಟಲ್ಲೋನ್ ‘ಜಡ್ಜ್ ಡ್ರೆಡ್’ ಆಗಿ ನಟಿಸಿದ ದೊಡ್ಡ ಸಿನಿಮಾ ಬಂದಿತ್ತು. ದೊಡ್ಡ ಸ್ಟಾರ್ ಅಲ್ಲವೇ, ಮುಖ ಕಾಣಬೇಡವೇ? ಹೆಲ್ಮೆಟ್ ತೆಗೆಸಿದರು. ಅಭಿಮಾನಿಗಳು ಕೆಂಡವಾದರು. ಸಿನಿಮಾ ಅಮೆರಿಕದಲ್ಲಿ ನೆಲಕಚ್ಚಿತು. ಆಮೇಲೆ 17 ವರ್ಷ ಡ್ರೆಡ್‌ನನ್ನು ಯಾರೂ ತೆರೆಗೆ ತರಲಿಲ್ಲ.

2012ರ ಸಿನಿಮಾ ಆ ತಪ್ಪನ್ನು ತಿದ್ದಿತು. ಕಥೆ ಬರೆದವರು ಅಲೆಕ್ಸ್ ಗಾರ್ಲೆಂಡ್. ನಿರ್ದೇಶಕರ ಜಾಗದಲ್ಲಿ ಇರುವ ಹೆಸರು ಪೀಟ್ ಟ್ರಾವಿಸ್. ನಾಯಕ ನ್ಯೂಜಿಲೆಂಡಿನ ಕಾರ್ಲ್ ಅರ್ಬನ್, ಇಡೀ ಸಿನಿಮಾದಲ್ಲಿ ಹೆಲ್ಮೆಟ್ ತೆಗೆಯಲಿಲ್ಲ. ಕಾಮಿಕ್ಸ್ ಹುಟ್ಟಿಸಿದ ವ್ಯಾಗ್ನರ್ ಅವರನ್ನೇ ಸಲಹೆಗೆ ಇಟ್ಟುಕೊಂಡಿದ್ದರು. ದಕ್ಷಿಣ ಆಫ್ರಿಕದಲ್ಲಿ ಚಿತ್ರೀಕರಣ ಮಾಡಿ ಖರ್ಚು ಹಿಡಿತದಲ್ಲಿಟ್ಟರು. ಕಥೆಯೂ ಸರಳ: 200 ಅಂತಸ್ತಿನ ಕಟ್ಟಡ, ಅದನ್ನು ಆಳುವ ಮಾದಕವಸ್ತು ದಂಧೆಯ ಒಬ್ಬ ಹೆಂಗಸು, ಒಳಗೆ ಸಿಕ್ಕಿಬಿದ್ದ ಇಬ್ಬರು ಜಡ್ಜ್‌ಗಳು. ಹೊರಗೆ ಬರಬೇಕು, ಅಷ್ಟೆ.

220 ಕೋಟಿ ಬಂದರೂ ಸೋಲು ಹೇಗೆ?

ಈ ಸಿನಿಮಾಕ್ಕೆ ಆದ ಖರ್ಚು 3 ಕೋಟಿಯಿಂದ 4.5 ಕೋಟಿ ಡಾಲರ್ ಅಂತ ವರದಿಗಳಿವೆ. ಗಳಿಕೆ 4.1 ಕೋಟಿ. ಮೇಲುನೋಟಕ್ಕೆ ಹಾಕಿದ ಬಂಡವಾಳ ಹೆಚ್ಚುಕಡಿಮೆ ಬಂದ ಹಾಗೇ ಕಾಣುತ್ತದೆ. ಆದರೆ ‘ಕಲೆಕ್ಷನ್’ ಅಂದರೆ ಟಿಕೆಟ್ ಮಾರಿ ಬಂದ ಒಟ್ಟು ಹಣ. ಅದರಲ್ಲಿ ಹತ್ತಿರ ಹತ್ತಿರ ಅರ್ಧ ಥಿಯೇಟರಿನವರ ಪಾಲು. ಸಿನಿಮಾದವರ ಕೈಗೆ ಬರುವುದು ಉಳಿದರ್ಧ. ಇನ್ನು ಖರ್ಚು ಅಂತ ಹೇಳುವ ಮೊತ್ತದಲ್ಲಿ ಪ್ರಚಾರದ ಖರ್ಚು ಸಾಮಾನ್ಯವಾಗಿ ಸೇರಿರುವುದಿಲ್ಲ. ಪೋಸ್ಟರು, ಟೀವಿ ಜಾಹೀರಾತು ಎಲ್ಲ ಬೇರೆ. ಹೀಗಾಗಿ ಹಾಕಿದ ಬಂಡವಾಳದ ದುಪ್ಪಟ್ಟೋ ಅದಕ್ಕಿಂತ ಹೆಚ್ಚೋ ಕಲೆಕ್ಷನ್ ಆದರೆ ಮಾತ್ರ ಹಾಕಿದ್ದು ವಾಪಸ್ ಬಂತು ಅನ್ನಬಹುದು.

ನಮ್ಮ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಂಡಿಯಲ್ಲಿ ಬಾಕ್ಸಿಗೆ ಎಷ್ಟು ಕೂಗಿದರು ಅನ್ನುವುದು ಒಂದು, ಕಮಿಷನ್ನು, ಹಮಾಲಿ, ಗಾಡಿ ಬಾಡಿಗೆ ಕಳೆದು ಜೇಬಿಗೆ ಎಷ್ಟು ಬಂತು ಅನ್ನುವುದು ಇನ್ನೊಂದು. ಕಲೆಕ್ಷನ್ ಪೋಸ್ಟರ್ ಹೇಳುವುದು ಕೂಗಿದ ರೇಟನ್ನು ಮಾತ್ರ.

ಅಮೆರಿಕದ ಲೆಕ್ಕ ಇನ್ನೂ ಕಹಿ. ಅಲ್ಲಿ ‘ಡ್ರೆಡ್’ 2506 ಥಿಯೇಟರುಗಳಲ್ಲಿ ತೆರೆಕಂಡಿತು. ಶುಕ್ರವಾರ, ಶನಿವಾರ, ಭಾನುವಾರ ಮೂರು ದಿನ ಸೇರಿ ಬಂದದ್ದು ಸುಮಾರು 63 ಲಕ್ಷ ಡಾಲರ್. ಒಂದು ಥಿಯೇಟರಿಗೆ ಭಾಗಿಸಿದರೆ ಮೂರು ದಿನಕ್ಕೆ 2500 ಡಾಲರ್. ತ್ರೀಡಿ ಟಿಕೆಟ್ಟಿಗೆ ಸರಾಸರಿ 10 ಡಾಲರ್ ಅಂತ ಹಿಡಿಯೋಣ. ಒಂದು ಥಿಯೇಟರಿಗೆ ಮೂರು ದಿನದಲ್ಲಿ 250 ಜನ. ದಿನಕ್ಕೆ ನಾಲ್ಕು ಶೋ ಅಂದರೂ ಒಂದೊಂದು ಶೋಗೆ ಇಪ್ಪತ್ತು ಚಿಲ್ಲರೆ ಜನ. ಒಂದು ಮ್ಯಾಕ್ಸಿಕ್ಯಾಬಿನಲ್ಲಿ ಒತ್ತಿ ಕೂತರೆ ಹಿಡಿಯುವಷ್ಟು.

ಅದೇ ಶುಕ್ರವಾರ ಅಮೆರಿಕದಲ್ಲಿ ಇನ್ನೂ ಮೂರು ಹೊಸ ಸಿನಿಮಾಗಳು ಬಂದಿದ್ದವು. ಮೂರೂ ತಲಾ 1 ಕೋಟಿ 20 ಲಕ್ಷ ಡಾಲರಿಗಿಂತ ಹೆಚ್ಚು ತೆಗೆದವು. ‘ಡ್ರೆಡ್’ ಆರನೇ ಸ್ಥಾನದಲ್ಲಿ ನಿಂತಿತು. ಎರಡನೇ ವಾರಾಂತ್ಯಕ್ಕೆ ಗಳಿಕೆ ಅರ್ಧಕ್ಕಿಂತ ಕೆಳಗೆ ಬಿತ್ತು. ಅಮೆರಿಕದಲ್ಲಿ ಒಟ್ಟು ಬಂದದ್ದು 1 ಕೋಟಿ 34 ಲಕ್ಷ ಡಾಲರ್. ಅಲ್ಲಿ 5 ಕೋಟಿ ಡಾಲರ್ ದಾಟಿದರೆ ಮುಂದಿನ ಭಾಗ ಮಾಡಬಹುದು ಅಂತ ಗಾರ್ಲೆಂಡ್ ಮತ್ತು ನಿರ್ಮಾಪಕರು ಬಿಡುಗಡೆಗೆ ಮೊದಲೇ ಹೇಳಿದ್ದರು. ಬಂದದ್ದು ಅದರ ಕಾಲುಭಾಗಕ್ಕಿಂತ ಸ್ವಲ್ಪ ಹೆಚ್ಚು. ಮುಂದಿನ ಭಾಗ ಅಲ್ಲಿಗೆ ಮುಗಿಯಿತು.

ಅಭಿಮಾನಿಗಳು ಹೇಳುವ ಕಾರಣಗಳು

ಈಗ ಜಗಳಕ್ಕೆ ಬರೋಣ. ಹತ್ತು ವರ್ಷದಿಂದ ಅಭಿಮಾನಿಗಳು ಕೊಡುತ್ತ ಬಂದ ಕಾರಣಗಳನ್ನು ಒಂದೊಂದಾಗಿ ತೂಗಿ ನೋಡುವಾ.

ಮೊದಲನೆಯದು, ಹಳೇ ಸಿನಿಮಾದ ಕೆಟ್ಟ ಹೆಸರು. ಡ್ರೆಡ್ ಅಂದರೆ ಅಮೆರಿಕದ ಸಾಮಾನ್ಯ ಪ್ರೇಕ್ಷಕನಿಗೆ ನೆನಪಾಗುವುದು 1995ರ ಸ್ಟಲ್ಲೋನ್ ಸಿನಿಮಾ. ಅದೇ ಇನ್ನೊಮ್ಮೆ ಬಂತೇನೋ ಅಂತ ದೂರ ಉಳಿದರು. ಇದರಲ್ಲಿ ಹುರುಳಿದೆ. ಬ್ರಿಟನ್ನಿನಲ್ಲಿ ‘2000 ಎಡಿ’ ಓದಿದ ತಲೆಮಾರುಗಳೇ ಇದ್ದವು. ಅಲ್ಲಿ ಸಿನಿಮಾ ಮೊದಲ ವಾರಾಂತ್ಯ 10 ಲಕ್ಷ ಪೌಂಡ್ ದಾಟಿ ಒಂದನೇ ಸ್ಥಾನಕ್ಕೇ ಬಂತು. ಪಾತ್ರದ ಪರಿಚಯ ಇರುವ ಕಡೆ ಜನ ಬಂದರು, ಇಲ್ಲದ ಕಡೆ ಬರಲಿಲ್ಲ.

ಎರಡನೆಯದು, ತ್ರೀಡಿ. ಬ್ರಿಟನ್ನಿನಲ್ಲಿ ಹೆಚ್ಚಿನ ಕಡೆ ತ್ರೀಡಿಯಲ್ಲೇ ಹಾಕಿದರು, ಕಡಿಮೆ ದುಡ್ಡಿನ ಸಾದಾ ಶೋ ಹುಡುಕಿದರೂ ಸಿಗಲಿಲ್ಲ ಅನ್ನುವುದು ಅಭಿಮಾನಿಗಳ ದೂರು. 2009ರ ಕೊನೆಗೆ ‘ಅವತಾರ್’ ಬಂದ ಮೇಲೆ ಎಲ್ಲರೂ ತ್ರೀಡಿ ಹಿಂದೆ ಬಿದ್ದರು. ಟಿಕೆಟ್ಟಿಗೆ ನಾಲ್ಕು ಕಾಸು ಜಾಸ್ತಿ ಬರಲಿ ಅಂತ ಲೆಕ್ಕ ಹಾಕಿದರು. ದುಡ್ಡು ಜಾಸ್ತಿ ಕೇಳಿದಾಗ, ಗೊತ್ತಿಲ್ಲದ ಸಿನಿಮಾವನ್ನು ಒಂದು ಕೈ ನೋಡೋಣ ಅನ್ನುವವನು ಬಾಗಿಲಿನಿಂದಲೇ ವಾಪಸ್ ಹೋಗುತ್ತಾನೆ.

ಮೂರನೆಯದು, ರಕ್ತಪಾತ. ಸಿನಿಮಾಕ್ಕೆ ಅಮೆರಿಕದಲ್ಲಿ ‘ಆರ್’ ಸರ್ಟಿಫಿಕೇಟ್, ಬ್ರಿಟನ್ನಿನಲ್ಲಿ ‘18’. ಬ್ರಿಟನ್ನಿನಲ್ಲಿ 18 ತುಂಬದವರಿಗೆ ಒಳಗೆ ಪ್ರವೇಶವೇ ಇಲ್ಲ, ಅಮೆರಿಕದಲ್ಲಿ 17ಕ್ಕಿಂತ ಚಿಕ್ಕವರು ದೊಡ್ಡವರ ಜೊತೆಗೇ ಹೋಗಬೇಕು. ಕಾಮಿಕ್ಸ್ ಸಿನಿಮಾಗಳ ದೊಡ್ಡ ಗಿರಾಕಿಗಳು ಹೈಸ್ಕೂಲು, ಕಾಲೇಜು ಹುಡುಗರು. ಅವರಲ್ಲಿ ಅರ್ಧ ಜನರಿಗೆ ಬಾಗಿಲು ಮುಚ್ಚಿದ ಹಾಗಾಯಿತು. ಆದರೆ ರಕ್ತಪಾತ ತೆಗೆದಿದ್ದರೆ ಅದು ಡ್ರೆಡ್ ಆಗುತ್ತಿರಲಿಲ್ಲ ಅಂತ ಇದೇ ಅಭಿಮಾನಿಗಳು ಹೇಳುತ್ತಾರೆ. 2016ರಲ್ಲಿ ‘ಡೆಡ್‌ಪೂಲ್’ ಅದೇ ‘ಆರ್’ ಸರ್ಟಿಫಿಕೇಟ್ ಇಟ್ಟುಕೊಂಡು ಪ್ರಪಂಚದಾದ್ಯಂತ 78 ಕೋಟಿ ಡಾಲರ್ ತೆಗೆಯಿತು. ಹಾಗಾಗಿ ಸರ್ಟಿಫಿಕೇಟ್ ಒಂದರ ಮೇಲೇ ಗೂಬೆ ಕೂರಿಸಲು ಆಗುವುದಿಲ್ಲ.

ನಾಲ್ಕನೆಯದು, ‘ದಿ ರೈಡ್’ ಅನ್ನುವ ಇಂಡೋನೇಷ್ಯಾದ ಸಿನಿಮಾ. ಅದರಲ್ಲೂ ಪೊಲೀಸರು ಒಂದು ಕಟ್ಟಡದಲ್ಲಿ ಸಿಕ್ಕಿಬಿದ್ದು ಅಂತಸ್ತು ಅಂತಸ್ತಾಗಿ ಹೊಡೆದಾಡುತ್ತಾರೆ. ಅದು ಅಮೆರಿಕದಲ್ಲಿ ಆರು ತಿಂಗಳು ಮೊದಲೇ ಬಂತು, ಇದು ಕಾಪಿ ಅನ್ನಿಸಿತು. ‘ಡ್ರೆಡ್’ ಚಿತ್ರೀಕರಣ 2010ರ ಕೊನೆಗೇ ಶುರುವಾಗಿತ್ತು, ಕಾಪಿ ಮಾಡುವ ಮಾತೇ ಇಲ್ಲ. ಆದರೂ ಯಾವುದು ಮೊದಲು ಕಂಡಿತೋ ಅದೇ ಮೂಲ ಅನ್ನುವುದು ಜನರ ಸಹಜ ಲೆಕ್ಕ.

ಐದನೆಯದು ಪ್ರಚಾರ ಸಾಲದು ಅನ್ನುವ ಮಾತು. ಇದನ್ನು ಸೋತ ಪ್ರತಿ ಸಿನಿಮಾದ ಅಭಿಮಾನಿಯೂ ಹೇಳುತ್ತಾನೆ. ಇಲ್ಲಿ ಸ್ವಲ್ಪ ನಿಜವೂ ಇರಬಹುದು. ದೊಡ್ಡ ಸ್ಟಾರ್ ಇಲ್ಲ, ಇದ್ದ ನಾಯಕನ ಮುಖ ಗಲ್ಲದವರೆಗೆ ಮುಚ್ಚಿದೆ. ಪೋಸ್ಟರಿನಲ್ಲಿ ಏನನ್ನು ತೋರಿಸಿ ಮಾರುವುದು?

ಬಿಟ್ಟುಹೋದ ಕಾರಣ

ಈ ಐದೂ ಕಾರಣಗಳಲ್ಲಿ ಸ್ವಲ್ಪ ಸ್ವಲ್ಪ ಸತ್ಯ ಇದೆ. ಆದರೆ ಐದರಲ್ಲೂ ಬೆರಳು ತೋರಿಸಿರುವುದು ಸಿನಿಮಾ ಮಾಡಿದವರ ಕಡೆಗೆ, ಮಾರಿದವರ ಕಡೆಗೆ. ಆರನೆಯ ಪ್ರಶ್ನೆಯನ್ನು ಅಭಿಮಾನಿಗಳು ತಮ್ಮತಮ್ಮಲ್ಲಿ ಕೇಳಿಕೊಳ್ಳುವುದು ಕಡಿಮೆ: ನಾವು ಯಾವಾಗ ನೋಡಿದೆವು?

ಉತ್ತರ ಡಿಸ್ಕ್ ಮಾರಾಟದ ಲೆಕ್ಕದಲ್ಲಿದೆ. 2013ರ ಜನವರಿಯಲ್ಲಿ ಅಮೆರಿಕದಲ್ಲಿ ‘ಡ್ರೆಡ್’ನ ಡಿವಿಡಿ, ಬ್ಲೂ-ರೇ ಬಂತು. ಉತ್ತರ ಅಮೆರಿಕದಲ್ಲಿ ಮೊದಲ ವಾರವೇ ಸುಮಾರು 6.5 ಲಕ್ಷ ಪ್ರತಿ ಹೋದವು ಅಂತ ವರದಿಯಾಯಿತು. ಮಾರಾಟದ ಪಟ್ಟಿಯಲ್ಲಿ ಒಂದನೇ ಸ್ಥಾನ. ಇದರ ಪಕ್ಕದಲ್ಲಿ ಥಿಯೇಟರಿನ ಲೆಕ್ಕ ಇಟ್ಟು ನೋಡಿ. ನಾವು ಆಗಲೇ ಹಾಕಿದ ಲೆಕ್ಕದ ಪ್ರಕಾರ ಮೊದಲ ಮೂರು ದಿನ ಅಮೆರಿಕದಲ್ಲಿ ಥಿಯೇಟರಿಗೆ ಹೋದವರು 6 ಲಕ್ಷದ ಆಸುಪಾಸು. ಮನೆಗೆ ಡಿಸ್ಕ್ ತಂದವರೂ ಮೊದಲ ವಾರದಲ್ಲೇ ಹತ್ತಿರ ಹತ್ತಿರ ಅಷ್ಟೇ. ಒಂದು ಡಿಸ್ಕನ್ನು ಮನೆಯಲ್ಲಿ ಇಬ್ಬರು ಮೂವರು ನೋಡಿರುತ್ತಾರೆ.

ಅಂದರೆ ಈ ಸಿನಿಮಾಕ್ಕೆ ಪ್ರೇಕ್ಷಕರು ಇದ್ದರು. ನಾಲ್ಕು ತಿಂಗಳು ತಡವಾಗಿ ಬಂದರು.

ಆಮೇಲೆ ಅಭಿಮಾನಿಗಳು ಸುಮ್ಮನೆ ಕೂರಲಿಲ್ಲ. ಮುಂದಿನ ಭಾಗ ಮಾಡಿ ಅಂತ ಫೇಸ್‌ಬುಕ್ಕಿನಲ್ಲಿ ಅಭಿಯಾನ ನಡೆಸಿದರು. ‘2000 ಎಡಿ’ ಪತ್ರಿಕೆಯೇ ಬೆಂಬಲಕ್ಕೆ ನಿಂತು ಸಹಿ ಸಂಗ್ರಹಿಸಿತು, ಸಾವಿರಾರು ಜನ ಸಹಿ ಹಾಕಿದರು. 2013ರ ಸೆಪ್ಟೆಂಬರ್ 18ನ್ನು ‘ಡ್ರೆಡ್ ದಿನ’ ಅಂತ ಮಾಡಿ, ಅವತ್ತು ಎಲ್ಲರೂ ಡಿಸ್ಕ್ ಕೊಳ್ಳಿ ಅಂತ ಕರೆ ಕೊಟ್ಟರು. ಕಾರ್ಲ್ ಅರ್ಬನ್ ಕೂಡ ಅಭಿಮಾನಿಗಳ ಪರ ಮಾತಾಡಿದರು. ಸಿನಿಮಾದ ಕಥೆ ಮುಂದುವರಿಸಿ ಒಂದು ಕಾಮಿಕ್ಸ್ ಬಂತು. 2017ರಲ್ಲಿ ಟೀವಿ ಧಾರಾವಾಹಿ ಮಾಡುತ್ತೇವೆ ಅಂತ ಘೋಷಣೆಯೂ ಆಯಿತು.

ಅವರು ಕೇಳಿದ ಎರಡನೇ ಭಾಗ ಮಾತ್ರ ಇವತ್ತಿಗೂ ಬಂದಿಲ್ಲ.

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಅನ್ನುವ ಗಾದೆ ನೆನಪಾಗುತ್ತದೆ. ಆದರೆ ಗಾದೆ ಹೇಳಿ ಅವರನ್ನು ಹಂಗಿಸುವುದು ನಮಗೆ ಸರಿ ಕಾಣುವುದಿಲ್ಲ. ಮೂರು ದಿನದಲ್ಲಿ ಒಂದು ಸಿನಿಮಾ ಚೆನ್ನಾಗಿದೆ ಅಂತ ಗೊತ್ತಾಗುವುದು ಹೇಗೆ? ಒಬ್ಬ ನೋಡಬೇಕು, ಇನ್ನೊಬ್ಬನಿಗೆ ಹೇಳಬೇಕು, ಅವನಿಗೆ ಪುರುಸೊತ್ತು ಸಿಗಬೇಕು, ಕೈಯಲ್ಲಿ ದುಡ್ಡು ಇರಬೇಕು. ಬಾಯಿಂದ ಬಾಯಿಗೆ ಹೋಗುವ ಮಾತಿಗೆ ಸಮಯ ಬೇಕು. ಆ ಸಮಯವನ್ನು ಥಿಯೇಟರ್ ವ್ಯಾಪಾರ ಕೊಡುವುದಿಲ್ಲ. ಸೋಮವಾರ ಬೆಳಿಗ್ಗೆ ಲೆಕ್ಕ ನೋಡುತ್ತಾರೆ, ಯಾವ ಸಿನಿಮಾಕ್ಕೆ ಎಷ್ಟು ಶೋ ಅಂತ ಮರುಹಂಚಿಕೆ ಮಾಡುತ್ತಾರೆ. ಮಾತು ಊರು ತಲುಪುವ ಹೊತ್ತಿಗೆ ಸಿನಿಮಾ ಎತ್ತಿರುತ್ತಾರೆ.

ನಮ್ಮ ಅಭಿಪ್ರಾಯ ಇಷ್ಟೇ. ಮೊದಲ ವಾರದ ಕಲೆಕ್ಷನ್ ಹೇಳುವುದು ಜನ ಎಷ್ಟು ಬೇಗ ಬಂದರು ಅನ್ನುವುದನ್ನು. ಎಷ್ಟು ಜನಕ್ಕೆ ಇಷ್ಟವಾಯಿತು, ಸಿನಿಮಾ ಎಷ್ಟು ಚೆನ್ನಾಗಿದೆ ಅನ್ನುವುದಕ್ಕೆ ಅದು ಸಾಕ್ಷಿ ಆಗಲಾರದು. ಬೇಗ ಬರುವವರು ಯಾರು? ಪೇಟೆಯವರು, ಕೈಯಲ್ಲಿ ದುಡ್ಡಿರುವವರು, ಮನೆಯ ಹತ್ತಿರ ಥಿಯೇಟರ್ ಇರುವವರು, ಮೊದಲೇ ಆ ಹೀರೋನ ಅಭಿಮಾನಿಗಳು. ತೀರ್ಪು ಕೊಡುವ ಪಂಚಾಯ್ತಿಯಲ್ಲಿ ಕೂತವರು ಇವರು ಮಾತ್ರ. ಉಳಿದವರು ನೋಡಿ ಮೆಚ್ಚುವ ಹೊತ್ತಿಗೆ ಪಂಚಾಯ್ತಿ ಮುಗಿದಿರುತ್ತದೆ.

ಸೋಲನ್ನು ಸಂಭ್ರಮಿಸುವವರು

‘ಡ್ರೆಡ್’ ಅಭಿಮಾನಿಗಳು ಪ್ರೀತಿಯಿಂದ ಜಗಳವಾಡಿದರು. ಅದರ ನಂತರದ ವರ್ಷಗಳಲ್ಲಿ ಕಾಮಿಕ್ಸ್ ಸಿನಿಮಾಗಳ ಸುತ್ತ ಇನ್ನೊಂದು ಬಗೆಯ ಮಾತು ಬೆಳೆಯಿತು. ಸಿನಿಮಾ ಸೋಲಲಿ ಅಂತ ಮೊದಲೇ ಕಾದು ಕೂತು, ಸೋತ ಮೇಲೆ ಕುಣಿಯುವುದು.

2023ರ ನವೆಂಬರಿನಲ್ಲಿ ಬಂದ ‘ದಿ ಮಾರ್ವೆಲ್ಸ್’ ನೋಡಿ. ನಿರ್ದೇಶಕಿ ನಿಯಾ ಡಕೋಸ್ಟ. ಮೂವರು ನಾಯಕಿಯರು, ಅದರಲ್ಲಿ ಒಬ್ಬಳು ಪಾಕಿಸ್ತಾನಿ ಮೂಲದ ಅಮೆರಿಕನ್ ಹುಡುಗಿ ಕಮಲಾ ಖಾನ್. ಇದರ ಹಿಂದಿನ ‘ಕ್ಯಾಪ್ಟನ್ ಮಾರ್ವೆಲ್’ 2019ರಲ್ಲಿ 100 ಕೋಟಿ ಡಾಲರ್ ದಾಟಿತ್ತು. ಇದು ಒಟ್ಟು 20 ಕೋಟಿ 60 ಲಕ್ಷ ಡಾಲರಿಗೆ ನಿಂತಿತು. ಹಾಕಿದ ಖರ್ಚೇ ಅದಕ್ಕಿಂತ ಹೆಚ್ಚು. ಹೆಂಗಸರನ್ನು ಮುಂದೆ ನಿಲ್ಲಿಸಿದ್ದಕ್ಕೇ ಸೋತಿತು ಅಂತ ಒಂದು ಗುಂಪು ಕೇಕೆ ಹಾಕಿತು. ಅಮೆರಿಕದ ನಟನಟಿಯರ ಮುಷ್ಕರ ಮುಗಿದದ್ದು ಬಿಡುಗಡೆಯ ಹಿಂದಿನ ದಿನ, ಅಲ್ಲಿಯವರೆಗೆ ನಾಯಕಿಯರು ಪ್ರಚಾರಕ್ಕೆ ಬಾಯಿ ಬಿಡುವಂತೆಯೇ ಇರಲಿಲ್ಲ ಅನ್ನುವುದು ಈ ಗುಂಪಿಗೆ ಬೇಕಾಗಲಿಲ್ಲ.

ಮುಂದಿನ ವರ್ಷವೇ ‘ಜೋಕರ್’ ಎರಡನೇ ಭಾಗ ಬಂತು. ನಾಯಕ ಗಂಡಸು, ಮೊದಲ ಭಾಗ 100 ಕೋಟಿ ಡಾಲರ್ ದಾಟಿದ್ದು, ನಾಯಕನಿಗೆ ಆಸ್ಕರ್ ತಂದುಕೊಟ್ಟದ್ದು. ಎರಡನೇ ಭಾಗವೂ ಹೆಚ್ಚುಕಡಿಮೆ 20 ಕೋಟಿ ಡಾಲರಿಗೇ ನಿಂತಿತು. ಗಳಿಕೆಯ ಅಂಕಿಯನ್ನು ಹಿಡಿದು ಹೆಂಗಸರು, ಗಂಡಸರು ಅಂತ ಸಿದ್ಧಾಂತ ಕಟ್ಟುವವರಿಗೆ ಈ ಒಂದೇ ಉದಾಹರಣೆ ಸಾಕು. ಅಂಕಿಗೆ ಬಾಯಿಲ್ಲ. ತಮ್ಮ ಹೊಟ್ಟೆಯುರಿಯನ್ನು ಅದರ ಬಾಯಲ್ಲಿ ಹೇಳಿಸುವವರು ಎಲ್ಲ ದೇಶದಲ್ಲೂ ಇದ್ದಾರೆ.

ನಮ್ಮಲ್ಲೂ ಇದು ಹೊಸದಲ್ಲ. ಒಬ್ಬ ಹೀರೋನ ಸಿನಿಮಾ ಬಂದ ದಿನ ಇನ್ನೊಬ್ಬ ಹೀರೋನ ಅಭಿಮಾನಿಗಳು ಖಾಲಿ ಕುರ್ಚಿಗಳ ಫೋಟೊ ಹಂಚುತ್ತಾರೆ. ಅದು ಯಾವ ಶೋ, ಯಾವ ಊರು, ಯಾವ ವರ್ಷದ ಫೋಟೊ ಅಂತ ಯಾರೂ ಕೇಳುವುದಿಲ್ಲ. ಅಮೆರಿಕದಲ್ಲಾದರೂ ಟಿಕೆಟ್ ಲೆಕ್ಕವನ್ನು ಥಿಯೇಟರುಗಳಿಂದ ತರಿಸಿ ಒಟ್ಟು ಮಾಡುವ ವ್ಯವಸ್ಥೆ ಇದೆ. ನಮ್ಮ ದೇಶದಲ್ಲಿ ಎಲ್ಲರೂ ಒಪ್ಪುವ ಅಂಥ ಒಂದೇ ಲೆಕ್ಕ ಇಲ್ಲ. ನಿರ್ಮಾಪಕರು ಹೇಳಿದ್ದು ಒಂದು, ಟ್ರೇಡ್‌ನವರು ಅಂದಾಜು ಮಾಡಿದ್ದು ಇನ್ನೊಂದು. ಇಂಥ ಅಂಕಿಗಾಗಿ ಒಂದೇ ಬೀದಿಯ ಹುಡುಗರು ಮಾತು ಬಿಡುವುದು, ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡ ಹಾಗೆ. ಆ ಕೋಟಿಗಳಲ್ಲಿ ಒಂದು ರೂಪಾಯಿಯೂ ಇವರ ಮನೆಗೆ ಬರುವುದಿಲ್ಲ.

ತಡವಾಗಿ ನೋಡುವವರು ನಾವು

ಈಗ ನಮ್ಮ ವಿಷಯ. ಜಿಲ್ಲೆಯ ಸುದ್ದಿ ಬರೆಯುತ್ತ ತಾಲ್ಲೂಕು ತಾಲ್ಲೂಕು ಸುತ್ತುವ ನಮಗೆ ಒಂದು ವಿಚಾರ ಪದೇಪದೇ ಕಣ್ಣಿಗೆ ಬೀಳುತ್ತದೆ. ಹೋಬಳಿಯ ಟೆಂಟ್ ಸಿನಿಮಾ ಹೋಗಿ ಕಾಲವಾಯಿತು. ತಾಲ್ಲೂಕು ಕೇಂದ್ರದ ಹಳೇ ಥಿಯೇಟರ್ ಎಷ್ಟೋ ಕಡೆ ಗೋಡೌನ್ ಆಗಿದೆ, ಕಲ್ಯಾಣ ಮಂಟಪ ಆಗಿದೆ. ಹಳ್ಳಿಯವನು ಥಿಯೇಟರಿನಲ್ಲಿ ಸಿನಿಮಾ ನೋಡಬೇಕು ಅಂದರೆ ಬಸ್ಸು ಹಿಡಿದು ಹೋಗಬೇಕು. ರಾತ್ರಿ ಶೋ ನೋಡಿದರೆ ವಾಪಸ್ ಬರಲು ಬಸ್ಸಿಲ್ಲ. ಟಿಕೆಟ್ಟಿನ ಜೊತೆ ಬಸ್ ಚಾರ್ಜು, ಊಟ, ಕೆಲಸ ಬಿಟ್ಟ ದಿನದ ಕೂಲಿ ಎಲ್ಲ ಸೇರಿಸಿದರೆ ಒಂದು ಸಿನಿಮಾ ಎಷ್ಟು ಬಿತ್ತು ಅಂತ ಅವನಿಗೇ ಗೊತ್ತು.

ಹಾಗಾಗಿ ನಾವು ತಡವಾಗಿ ನೋಡುವ ಜನ. ಟೀವಿಯಲ್ಲಿ ಬಂದಾಗ ನೋಡುತ್ತೇವೆ, ಫೋನಿನಲ್ಲಿ ಬಂದಾಗ ನೋಡುತ್ತೇವೆ. ಮೊದಲ ಮೂರು ದಿನದ ಲೆಕ್ಕದಲ್ಲಿ ನಮ್ಮ ತಲೆ ಎಣಿಕೆಗೇ ಬರುವುದಿಲ್ಲ. ಆದರೆ ಆ ಲೆಕ್ಕವನ್ನೇ ಹಿಡಿದು ‘ಫ್ಲಾಪ್ ಸಿನಿಮಾ, ನೋಡಬೇಡ’ ಅಂತ ಹಂಚುವವರಲ್ಲಿ ನಾವೂ ಇರುತ್ತೇವೆ. ನಮ್ಮನ್ನು ಕೇಳದೆ ಕೊಟ್ಟ ತೀರ್ಪನ್ನು ನಾವೇ ಊರೆಲ್ಲ ಸಾರುವುದು ಯಾವ ನ್ಯಾಯ?

ಟೊಮೆಟೊ ಬೆಳೆದವರಿಗೆ ಇದು ಬೇಗ ಅರ್ಥವಾಗುತ್ತದೆ. ಒಂದೇ ದಿನ ಎಲ್ಲ ಕಡೆಯಿಂದ ಲೋಡ್ ಬಂದು ರೇಟು ಬಿದ್ದರೆ, ಹಣ್ಣಿನಲ್ಲಿ ರುಚಿ ಇಲ್ಲ ಅಂತ ಯಾವ ರೈತನೂ ಹೇಳುವುದಿಲ್ಲ. ಮಾರ್ಕೆಟ್ ಕೆಟ್ಟಿತ್ತು ಅನ್ನುತ್ತಾನೆ. ಹಣ್ಣಿನ ಗುಣ ಬೇರೆ, ಆ ದಿನದ ರೇಟು ಬೇರೆ ಅನ್ನುವ ವಿವೇಕ ನಮಗೆ ಮಂಡಿಯಲ್ಲಿ ಇದೆ. ಸಿನಿಮಾ ವಿಷಯಕ್ಕೆ ಬಂದಾಗ ಅದು ಎಲ್ಲಿ ಹೋಗುತ್ತದೆ?

ಇದರ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಬಿದ್ದ ರೇಟು ಹಣ್ಣಿನ ಗುಣ ಹೇಳುವುದಿಲ್ಲ ನಿಜ, ಆದರೆ ಮುಂದಿನ ವರ್ಷ ಆ ರೈತ ಅದೇ ಬೆಳೆ ಇಡುತ್ತಾನೋ ಇಲ್ಲವೋ ಅನ್ನುವುದನ್ನು ತೀರ್ಮಾನ ಮಾಡುತ್ತದೆ. ‘ಡ್ರೆಡ್’ಗೆ ಆದದ್ದೂ ಅದೇ. ಜನರ ಪ್ರೀತಿ ಆಮೇಲೆ ಧಾರಾಳವಾಗಿ ಬಂತು. ಎರಡನೇ ಭಾಗಕ್ಕೆ ಹಣ ಹಾಕುವವರು ಬರಲಿಲ್ಲ. ಕಲೆಕ್ಷನ್ ಸುಳ್ಳು, ನಮಗೆ ಅದು ಬೇಡ ಅಂತ ಪೂರ್ತಿ ತಳ್ಳಿಹಾಕಿದರೆ ಈ ಕಷ್ಟವನ್ನು ಮರೆತ ಹಾಗೆ.

ಅದಕ್ಕೆ ನಾವು ಹೇಳುವುದು ಮೂರು ಮಾತು.

ಒಂದು, ನಿಮಗೆ ಇಷ್ಟವಾದ ಸಿನಿಮಾ ಬಗ್ಗೆ ಅವತ್ತೇ ಹೇಳಿ. ವಾರ ಬಿಟ್ಟು ಹೇಳಿದರೆ ಥಿಯೇಟರಿನಲ್ಲಿ ಇರುವುದಿಲ್ಲ. ಕಲೆಕ್ಷನ್ ಪೋಸ್ಟರ್ ಹಂಚುವ ಬದಲು, ಕಥೆ ಹೇಗಿದೆ, ಮಕ್ಕಳ ಜೊತೆ ನೋಡಬಹುದೇ, ಅಮ್ಮನನ್ನು ಕರೆದುಕೊಂಡು ಹೋಗಬಹುದೇ ಅಂತ ನಾಲ್ಕು ಸಾಲು ಬರೆಯಿರಿ. ಬಸ್ಸು ಹಿಡಿದು ಹೋಗುವವನಿಗೆ ಕೋಟಿ ಲೆಕ್ಕಕ್ಕಿಂತ ಈ ನಾಲ್ಕು ಸಾಲು ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಎರಡು, ಥಿಯೇಟರಿಗೆ ಹೋಗಲು ಆಗದಿದ್ದರೆ ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಗ್ರೂಪಿನಲ್ಲಿ ಬಂದ ಕದ್ದ ಕಾಪಿಯನ್ನು ನೋಡಿ, ಆಮೇಲೆ ‘ಇಂಥ ಸಿನಿಮಾಗಳು ನಮ್ಮಲ್ಲಿ ಯಾಕೆ ಬರಲ್ಲ’ ಅಂತ ಮರುಗುವುದು ಬೇಡ. ‘ಡ್ರೆಡ್’ನ ತಡವಾದ ಪ್ರೇಕ್ಷಕರು ಕೊನೆಗೆ ದುಡ್ಡು ಕೊಟ್ಟು ಡಿಸ್ಕ್ ತಂದರು. ಅದಕ್ಕೇ ಹತ್ತು ವರ್ಷದ ಮೇಲೂ ಅವರ ಮಾತಿಗೆ ತೂಕ ಇದೆ. ಕದ್ದ ಕಾಪಿ ನೋಡಿದವನ ತಲೆ ಮೊದಲ ವಾರದ ಲೆಕ್ಕದಲ್ಲೂ ಇಲ್ಲ, ಕೊನೆಯ ಲೆಕ್ಕದಲ್ಲೂ ಇಲ್ಲ. ಟೀವಿಯಲ್ಲಿ ಬರುವವರೆಗೆ ಕಾಯುವುದು, ನಾಲ್ಕು ಜನ ಸೇರಿ ಒಂದು ಆ್ಯಪಿಗೆ ದುಡ್ಡು ಕಟ್ಟಿ ಒಂದೇ ಕಡೆ ಕೂತು ನೋಡುವುದು, ಇವೆಲ್ಲ ನಮ್ಮ ಕೈಲಾಗುವ ದಾರಿಗಳೇ.

ಮೂರು, ಒಂದು ಸಿನಿಮಾ ಚೆನ್ನಾಗಿದೆಯೋ ಇಲ್ಲವೋ ಅನ್ನುವುದನ್ನು ನಿಮ್ಮ ಕಣ್ಣಿಗೆ ಬಿಡಿ. ಓಡದ ಸಿನಿಮಾ ಕೆಟ್ಟದ್ದೂ ಇರಬಹುದು, ಒಳ್ಳೆಯದೂ ಇರಬಹುದು. ಓಡಿದ ಸಿನಿಮಾಕ್ಕೂ ಇದೇ ಮಾತು.

2025ರಲ್ಲಿ ಒಂದು ಸುದ್ದಿ ಬಂತು. ನ್ಯೂಜಿಲೆಂಡಿನ ನಿರ್ದೇಶಕ ಟೈಕಾ ವೈಟಿಟಿ ಹೊಸದಾಗಿ ಜಡ್ಜ್ ಡ್ರೆಡ್ ಸಿನಿಮಾ ಮಾಡಲು ಹೊರಟಿದ್ದಾರೆ ಅಂತ. ಅಭಿಮಾನಿಗಳು ಕೇಳಿದ ಮುಂದಿನ ಭಾಗ ಅದಲ್ಲ, ಮೊದಲಿನಿಂದ ಶುರು ಮಾಡುವ ಬೇರೆಯೇ ಸಿನಿಮಾ. ಆದರೂ ಎರಡು ಸಲ ಸೋತ ಪಾತ್ರದ ಬಗ್ಗೆ ಮೂರನೇ ಸಲ ಯಾರೋ ಯೋಚಿಸುತ್ತಿದ್ದಾರೆ ಅಂದರೆ, ತಡವಾಗಿ ಬಂದು ಬಿಡದೆ ಮಾತಾಡಿದ ಆ ಜನರ ಪಾಲು ಅದರಲ್ಲಿ ಇಲ್ಲ ಅನ್ನಲಾಗದು. ಅದು ಬಂದಾಗ ಹೆಲ್ಮೆಟ್ ತೆಗೆಯುತ್ತಾರೋ ಇಲ್ಲವೋ ಅಂತ ಅವರು ಈಗಲೇ ಜಗಳ ಶುರು ಮಾಡಿರುತ್ತಾರೆ. ಮಾಡಲಿ. ಮೊದಲ ಶುಕ್ರವಾರ ಥಿಯೇಟರಿಗೂ ಹೋಗಲಿ.